ಕಣ್ಣು ಮುಚ್ಚಿ ತಂತಿ ಆರಿಸುತ್ತಿದ್ದ ಚನ್ನಯ್ಯ ಮೇಷ್ಟ್ರು

ತಂತಿ ಬಿಗಿಯುವಾಗ ಚನ್ನಯ್ಯ ಮೇಷ್ಟ್ರು ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು. ನಾವು ಎದುರಿಗಿದ್ದರೆ "ಲೇ, ತಿರುಕ್ಕಳಿ ಆ ಕಡೆ!" ಎಂದು ಅಬ್ಬರಿಸುತ್ತಿದ್ದರು. ಯಾವಾಗಲೋ ಕಿತ್ತು ಹಾರಿದ ಬೇಸ್ ಗಿಟಾರಿನ ತಂತಿಯೊಂದು ಅವರ ಎಡಗಣ್ಣಿನ ಕೆಳಗೆ ಬರೆ ಎಳೆದು ಹೋಗಿತ್ತು. ಆ ಗುರುತು ಕಂಡರೇ ನಾನು ತಂತಿಯಿಂದ ಕೈ ಹಿಂದೆಳೆದುಕೊಳ್ಳುತ್ತಿದ್ದೆ. ಬೇಸ್ ಕಲಿತದ್ದು ಅವರ ಹತ್ತಿರವೇ. ಕಲಿತಷ್ಟು ದಿನವೂ ಹೆದರಿಕೊಂಡೇ ಕಲಿತೆ.

ಹಾಸನದಲ್ಲಿ ಟೈಲರ್ ಅಂಗಡಿಯೊಂದರ ಮೇಲಿನ ಕೋಣೆ ಅವರದು. ಹಾರ್ಮೋನಿಯಂ, ಕೀಬೋರ್ಡ್, ಗಿಟಾರ್ ರಿಪೇರಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಯ ಆರ್ಕೆಸ್ಟ್ರಾದವರಾದರೂ ಬೇಸ್ ತಂತಿ ಬೇಕೆಂದರೆ ಅವರ ಮೆಟ್ಟಿಲನ್ನೇ ಹತ್ತುತ್ತಿದ್ದರು. ಯಾವ ಕಂಪನಿಯದು ಎಂಬ ಮಾತೇ ಅಲ್ಲಿರಲಿಲ್ಲ. "ಎಲ್ಲಿ, ಕೈ ಕೊಡು" ಎಂದು ಗಿರಾಕಿಯ ಬೆರಳ ತುದಿ ಒತ್ತಿ ನೋಡುವರು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಹೋದ ನನ್ನ ಕೈ ಹಿಡಿದರೆ "ನರ್ಸಮ್ಮನ ಬೆರಳು, ಬರೀ ಸ್ಪಿರಿಟ್ ವಾಸ್ನೆ" ಎಂದು ಛೇಡಿಸುವರು. ಆಮೇಲೆ ಕಣ್ಣು ಮುಚ್ಚಿ, ಬಿಡಿ ತಂತಿಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದಾಗಿ ಎಳೆಯುವರು. ತಂತಿಯ ಮೇಲೆ ಸುತ್ತಿದ ಎಳೆ ಒರಟಾಗಿದ್ದರೆ "ಇದು ಗರಗರ ಅಂತದೆ, ಉಡುಗ್ರ ಕೈಗೆ ಸರಿ." ನುಣುಪಾಗಿದ್ದರೆ "ಇದು ಭಾವಗೀತೆಗೆ ಕಣವ್ವ. ಮೆತ್ಗೆ, ಎದೆ ಒಳ್ಗಿಂದ ಬತ್ತದೆ." ದಪ್ಪವನ್ನು ನಂಬರಿನಲ್ಲೇ ಹೇಳುವರು: ತೆಳುವಾದದ್ದು ನಲವತ್ತೈದು, ಎಲ್ಲಕ್ಕಿಂತ ದಪ್ಪನೆಯದು ನೂರೈದು. ಪ್ಯಾಕೆಟ್ ತಿರುಗಿಸಿ ನೋಡಿದರೆ ಅದೇ ನಂಬರು. ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ನನ್ನ ಮೊದಲ ಕಾರ್ಯಕ್ರಮ ಹೊಳೆನರಸೀಪುರದ ಒಂದು ರಿಸೆಪ್ಷನ್. ಹೊಸ ತಂತಿಗಳನ್ನು ಕೊಟ್ಟು, ಮನೆಯಲ್ಲಿ ನೀನೇ ಹಾಕಿಕೊಂಡು ಬಾ ಎಂದಿದ್ದರು. ದಪ್ಪ ತಂತಿಯನ್ನು ಮೊದಲು ಮೊಣಕೈಯ ಹಾಗೆ ಬಗ್ಗಿಸಿ, ಆಮೇಲೆ ತುದಿ ಕತ್ತರಿಸಬೇಕು. ಇಲ್ಲದಿದ್ದರೆ ಮೇಲಿನ ಸುತ್ತು ಸಡಿಲವಾಗಿ ದನಿ ಸತ್ತುಹೋಗುತ್ತದೆ. ಇದನ್ನು ಅವರು ಬಾಯಿ ನೋಯುವಷ್ಟು ಸಲ ಹೇಳಿದ್ದರು. ಆದರೆ ಕಟಿಂಗ್ ಪ್ಲೇಯರ್ ಕೈಗೆ ಬಂದೊಡನೆ ಆ ಕಣ್ಣಿನ ಕೆಳಗಿನ ಬರೆಯೇ ನೆನಪಾಗಿ, ಗಟ್ಟಿಯಾಗಿ ಕಣ್ಣು ಮುಚ್ಚಿ ಕಚಕ್ಕನೆ ಕತ್ತರಿಸಿಬಿಟ್ಟೆ. ಬಗ್ಗಿಸಲೇ ಇಲ್ಲ.

ಎರಡನೆಯ ಹಾಡಿಗೇ ಫಲ ಸಿಕ್ಕಿತು. ದಪ್ಪ ತಂತಿ ಮುಟ್ಟಿದರೆ ಒದ್ದೆ ಗೋಣಿಚೀಲ ಬಡಿದ ಹಾಗೆ ದಬ್, ದಬ್. ಹಾಡುವವರು ತಿರುಗಿ ಗುರಾಯಿಸಿದರು. ಸೌಂಡ್ ಬಾಕ್ಸಿನ ಮಗ್ಗುಲಲ್ಲಿ ಕೂತಿದ್ದ ಮೇಷ್ಟ್ರು ಎದ್ದು ಬಂದು, ತಮ್ಮ ಗಿಟಾರನ್ನು ನನ್ನ ಕೊರಳಿಗೆ ಹಾಕಿ, ನನ್ನದನ್ನು ಎತ್ತಿಕೊಂಡು ಇಳಿದುಹೋದರು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕವೇ ಬಂದು ಕೂತಾಗ, ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಎದ್ರುಕಂಡು ಕತ್ತರ್ಸಿದ್ದೀಯ" ಎಂದರು. "ಎದ್ರುಕಳದು ತಪ್ಪಲ್ಲ ಕಣವ್ವ. ನಂಗೂ ಎದ್ರಿಕೆ ಅದೆ. ಕಣ್ ಮುಚ್ಕಂಡು ಕತ್ತರ್ಸ್‌ಬ್ಯಾಡ, ಅಷ್ಟೆ."

"ನಿಮ್ಗೇನು ಹೆದ್ರಿಕೆ ಮೇಷ್ಟ್ರೇ?"

ಅನ್ನ ಕಲಸುತ್ತಿದ್ದ ಹೆಬ್ಬೆರಳು ತೋರುಬೆರಳನ್ನು ಎತ್ತಿ ತೋರಿಸಿದರು. "ಇವೆಲ್ಡು ಕೆಟ್ರೆ ಅಂಗ್ಡಿ ಬಾಗ್ಲು ಆಕ್ದಂಗೆ. ತಂತಿ ಗೊತ್ತಾಗ್ದೇ ಇರೋ ಚನ್ನಯ್ಯನ ತಾವ ಯಾವನ್ ಬತ್ತಾನೆ?"

ಅವರ ಮೆಟ್ಟಿಲನ್ನು ನಾನು ಕೊನೆಯ ಸಲ ಹತ್ತಿದ್ದು ಬುದ್ಧ ಪೂರ್ಣಿಮೆಗೆ ಎರಡು ದಿನ ಮುಂಚೆ. ಚನ್ನರಾಯಪಟ್ಟಣದ ಕಾರ್ಯಕ್ರಮಕ್ಕೆ ನುಣುಪು ತಂತಿ ಬೇಕಿತ್ತು. ಆ ಕೋಣೆಗೆ ಈಗ ಬೀಗ, ಮೇಷ್ಟ್ರೂ ಇಲ್ಲ. ಅವತ್ತು ಎಂದಿನಂತೆ ಕಣ್ಣು ಮುಚ್ಚಿ ಒಂದು ತಂತಿ ಎಳೆದು "ನುಣುಪು. ನಲವತ್ತೈದು" ಎಂದರು.

ಅವರ ಕೈಯಲ್ಲಿದ್ದದ್ದು ಒರಟು ತಂತಿ. ನೂರೈದು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಆಗ ನೋಡಿದೆ: ತಂತಿಯ ಚೂಪು ತುದಿ ಹೆಬ್ಬೆರಳಿಗೆ ಹೊಕ್ಕಿದೆ, ರಕ್ತ ಮಣಿಕಟ್ಟಿಗೆ ಇಳಿಯುತ್ತಿದೆ, ಅವರು ಹಾಯಾಗಿ ಎಳೆಯುತ್ತಲೇ ಇದ್ದಾರೆ. "ಮೇಷ್ಟ್ರೇ, ರಕ್ತ!" ಎಂದು ಕೂಗಿದೆ. ಕಣ್ಣು ಬಿಟ್ಟು ನೋಡಿದವರು ಕೈಯನ್ನು ಸರಕ್ಕನೆ ಮೇಜಿನ ಕೆಳಗೆ ಎಳೆದುಕೊಂಡರು.

"ಸಕ್ರೆ ಕಾಯ್ಲೆ ಕಣವ್ವ. ಮಾತ್ರೆ ತಕತಾ ಇವ್ನಿ. ಬೆರಳು ವಸಿ ಮಂಕಾಗದೆ, ಅಷ್ಟೇಯ. ಯಾರ್ಗೂ ಏಳ್‌ಬ್ಯಾಡ."

ಆಸ್ಪತ್ರೆಗೆ ಬನ್ನಿ ಎಂದೆ. ಬರಲಿಲ್ಲ. "ನೀನೇ ನೋಡು, ಇಲ್ಲೇ" ಎಂದು ಎರಡೂ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟರು. ಗಾಯಕ್ಕೆ ನಾನು ಬಟ್ಟೆ ಸುತ್ತಿದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೈಲಾನ್ ಎಳೆ ಮುಟ್ಟಿಸಿ, ಗೊತ್ತಾಗುತ್ತದಾ ಎಂದು ಕೇಳುವುದು ನನ್ನ ದಿನನಿತ್ಯದ ಕೆಲಸ. ಆ ಎಳೆಯ ಬದಲು ಅಲ್ಲಿ ಸಿಕ್ಕಿದ್ದು ಮಾಮೂಲಿ ಗಿಟಾರಿನ ಅತಿ ತೆಳ್ಳನೆಯ ತಂತಿ.

"ಕಣ್ಣು ಮುಚ್ಚಿ ಮೇಷ್ಟ್ರೇ. ಮುಟ್ದಾಗ ಹೇಳಿ."

ಹೇಳಿದ ಹಾಗೆ ಮುಚ್ಚಿದರು. ಅವರು ಯಾರ ಮಾತನ್ನಾದರೂ ಹಾಗೆ ಕೇಳಿದ್ದನ್ನು ನಾನು ನೋಡಿರಲಿಲ್ಲ. ಎಡಗೈ ಕಿರುಬೆರಳಿನಿಂದ ಹಿಡಿದು, ಬಟ್ಟೆ ಸುತ್ತಿದ ಹೆಬ್ಬೆರಳೊಂದನ್ನು ಬಿಟ್ಟು, ಒಂದೊಂದೇ ಬೆರಳಿಗೆ ತಂತಿ ಮುಟ್ಟಿಸುತ್ತಾ ಬಂದೆ. ಬಲಗೈಯ ತೋರುಬೆರಳಿಗೆ ಎರಡು ಸಲ ಮುಟ್ಟಿಸಿದೆ. ಕೆಳಗೆ ಟೈಲರ್ ಮೆಷಿನ್ ಓಡುತ್ತಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು, ಪರೀಕ್ಷೆಗೆ ಕೂತವರ ಹಾಗೆ ಕಾಯುತ್ತಿದ್ದರು.

"ಯಾವಾಗ ಸುರು ಮಾಡ್ತೀಯವ್ವ?" ಎಂದರು.

ನಾನು ಆಗಲೇ ಎಲ್ಲ ಬೆರಳನ್ನೂ ಮುಟ್ಟಿ ಮುಗಿಸಿದ್ದೆ.

"ಈಗ, ಮೇಷ್ಟ್ರೇ" ಎಂದು ಮತ್ತೆ ಕಿರುಬೆರಳಿನಿಂದ ಶುರು ಮಾಡಿದೆ.