ರೆಹಾನಾಳ ಪೆನ್ ಡ್ರೈವ್

ಪೆನ್ ಡ್ರೈವನ್ನು ಕೊರಳಿಗೆ ಹಾಕಿಕೊಂಡು ತಿರುಗುವುದೇ ದೊಡ್ಡಸ್ತಿಕೆಯಾಗಿದ್ದ ದಿನಗಳು ನಿಮಗೂ ನೆನಪಿರಬಹುದು. ಗುಡಗೇರಿಯ ನಮ್ಮ ಓಣಿಗೆ ಮೊದಲ ಕಂಪ್ಯೂಟರ್ ಬಂದದ್ದು ನಮ್ಮ ಮನೆಗೆ. ನಾನಾಗ ಏಳನೆಯ ಇಯತ್ತೆ. ಮಾಸ್ತರಾಗಿದ್ದ ಅಪ್ಪ ಹುಬ್ಬಳ್ಳಿಯಿಂದ ಹಳೆಯದೊಂದನ್ನು ತಂದು ಪಡಸಾಲೆಯಲ್ಲಿಟ್ಟ. ಅವ್ವ ಅದರ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದಳು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುವ ಹಂಗಾಮು. ಘಾಟು ಕೆಳಗಿನವರೆಗೂ ಇಳಿಯುತ್ತಿತ್ತು. ಸೀನುತ್ತ ಸೀನುತ್ತಲೇ ನಾನು ಟೈಪಿಂಗ್ ಕಲಿತೆ.

ಕಲಿಸಿದವನು ಕಾಕಾ, ಅಪ್ಪನ ತಮ್ಮ. ಕುಂದಗೋಳದಲ್ಲಿ ಮೂರು ತಿಂಗಳ ಕೋರ್ಸು ಮಾಡಿದ್ದ. ಮನೆಯಲ್ಲಿ ನನಗೆ ಅವನೆಂದರೆ ಜೀವ. ನಾನು ತಪ್ಪು ಹೊಡೆದರೂ ಬೈಯುತ್ತಿರಲಿಲ್ಲ, "ಅಳಿಸಿದ್ರ ಆತು, ಗಿರ್ಜವ್ವಾ" ಎನ್ನುತ್ತಿದ್ದ. ಅಣ್ಣನ ಎದುರು ಕುರ್ಚಿಯ ಮೇಲೆ ಎಂದೂ ಕೂತವನಲ್ಲ. ಅಪ್ಪನ ಚಪ್ಪಲಿ ಸಪ್ಪಳ ಕೇಳಿದರೆ ಎದ್ದು ಗೋಡೆಗೆ ಸರಿಯುತ್ತಿದ್ದ. ಅದನ್ನು ಊರೆಲ್ಲ ದೊಡ್ಡ ಗುಣವೆಂದು ಹೊಗಳುತ್ತಿತ್ತು, ನಾನೂ ನಂಬಿದ್ದೆ.

ರವಿವಾರ ರೆಹಾನಾ ಬರುತ್ತಿದ್ದಳು. ಅದೇ ಓಣಿಯವಳು, ಶಾಲೆಯಲ್ಲಿ ನನ್ನದೇ ಬೆಂಚು. ಅವಳ ಅಮ್ಮ ಊರವರ ಜಂಪರ್ ಹೊಲಿಯುತ್ತಿದ್ದರು. ರೆಹಾನಾಳ ಬೆರಳು ನನಗಿಂತ ಚುರುಕು. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಅವಳು ಎರಡು ಮುಗಿಸಿ, ಚುರಮರಿ ತಾಟಿನಿಂದ ಶೇಂಗಾ ಅಷ್ಟನ್ನೇ ಆರಿಸಿ ತಿಂದಿರುತ್ತಿದ್ದಳು. ಅವಳ ಅಣ್ಣ ಕೊಟ್ಟಿದ್ದ ಕೆಂಪು ಪೆನ್ ಡ್ರೈವಿನಲ್ಲಿ ನಾವಿಬ್ಬರೂ ಸೇರಿ ಒಂದು ಕಥೆ ಬರೆದಿಡುತ್ತಿದ್ದೆವು. ಯಮನೂರ ಜಾತ್ರೆಗೆ ಹೊರಟ ಬಸ್ಸು ದಾರಿ ತಪ್ಪುವ ಕಥೆ. ಬಸ್ಸು ಎಲ್ಲಿಗೆ ಮುಟ್ಟಬೇಕು ಎಂಬುದರ ಮೇಲೇ ನಮ್ಮ ಜಗಳ.

ಒಂದು ಸೋಮವಾರ ಕಂಪ್ಯೂಟರ್ ಚಾಲು ಮಾಡಿದ ಕೂಡಲೇ ಪರದೆಯ ನಡುವೆ ಬೂದು ಬಣ್ಣದ ಡಬ್ಬಿಯೊಂದು ಎದ್ದಿತು. ಯಾವುದೋ ಫೈಲು ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿತ್ತು. ಓಕೆ ಒತ್ತಿದರೆ ಹೋಗುವುದು, ಬಂದ್ ಮಾಡಿ ಚಾಲು ಮಾಡಿದರೆ ಮತ್ತೆ ಹಾಜರು. ಕಾಕಾ ಸಿ.ಡಿ. ಹಾಕಿ ಸ್ಕ್ಯಾನ್ ಮಾಡಿದ. ಅರ್ಧಕ್ಕೆ ಕರೆಂಟು ಹೋಯಿತು, ಮತ್ತೆ ಮೊದಲಿಂದ ಮಾಡಿದ. ಕೊನೆಗೆ "ವೈರಸ್ ಹೊಕ್ಕೈತಿ" ಎಂದ. ಅವ್ವ ಏನು ತಿಳಿದಳೋ, ಪಡಸಾಲೆಯಲ್ಲಿದ್ದ ಕಾಕಾನ ಕೂಸಿನ ಕಲಘಟಗಿ ತೊಟ್ಟಿಲನ್ನು ಎಳೆದುಕೊಂಡು ಅಡುಗೆಮನೆಗೆ ನಡೆದಳು.

"ಇದು ಕೂಸಿಗೆ ಹತ್ತೂದಿಲ್ರಿ ವೈನಿ," ಎಂದು ಕಾಕಾ ನಕ್ಕ.

"ಹತ್ತಿದ ಮ್ಯಾಲೆ ಹೇಳಾಂವ ನೀ. ಒಳಗ ಇರಲಿ," ಎಂದಳು ಅವ್ವ.

ನಾಲ್ಕಾರು ದಿನ ಡಬ್ಬಿ ಬರಲಿಲ್ಲ. ಮರು ಸೋಮವಾರ ಬಂತು. ಅದರ ಮುಂದಿನ ಸೋಮವಾರ ಅಪ್ಪ ಟೈಪ್ ಮಾಡಿಟ್ಟಿದ್ದ ಪ್ರಶ್ನೆಪತ್ರಿಕೆಗಳೂ ಕಾಣೆಯಾದವು. ಅಪ್ಪ ಗುಡುಗಿದ. ಕಾಕಾ ಗೋಡೆಗೆ ನಿಂತು ಮೆಲ್ಲಗೆ ಹೇಳಿದ: "ರವಿವಾರ ಆ ಹುಡುಗಿ ಪೆನ್ ಡ್ರೈವ್ ಹಾಕ್ತಾಳ್ರಿ ಅಣ್ಣಾ, ಸೋಮವಾರ ಇದು ಬರತೈತಿ."

"ಅಕಿಗೆ ಇನ್ನ ಬರಬ್ಯಾಡ ಅಂತ ಹೇಳು," ಎಂದ ಅಪ್ಪ, ನನ್ನ ಕಡೆ ತಿರುಗಿ.

ಹೊಸ್ತಿಲ ಮೇಲೆ ನಿಂತು ಹೇಳಿದೆ. ಪೆನ್ ಡ್ರೈವ್ ಅವಳ ಮುಷ್ಟಿಯಲ್ಲಿತ್ತು. ರೆಹಾನಾ ಯಾಕೆಂದು ಕೇಳಲಿಲ್ಲ, "ಆತು" ಎಂದು ಹೋದಳು. ಮರುದಿನ ಶಾಲೆಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತಳು.

ಅವಳು ಬಾರದ ರವಿವಾರವೂ ಕಳೆಯಿತು. ಸೋಮವಾರ ಡಬ್ಬಿ ಬಂತು. ನಾನು ಕಾಕಾನ ಹತ್ತಿರ ಓಡಿದೆ. "ಕಾಕಾ, ರೆಹಾನಾ ಬಂದಿಲ್ಲ. ಆದ್ರೂ ಬಂತು."

"ಒಮ್ಮಿ ಹೊಕ್ಕರ ಹಂಗ ಹೋಗೂದಿಲ್ಲ ಬೇ ಅದು," ಎಂದ. ಕಾಕಾ ಹೇಳಿದ್ದಲ್ಲವೇ, ನಂಬಿದೆ.

ಕೊನೆಗೆ ಅಪ್ಪನೇ ಹುಬ್ಬಳ್ಳಿಯ ರಿಪೇರಿಯವನಿಗೆ ಹೇಳಿಕಳಿಸಿದ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಬಂದಾಗ ಅವನು ಕೆಲಸಕ್ಕೆ ಕೂತಿದ್ದ, ಅಪ್ಪ ಇನ್ನೂ ಬಂದಿರಲಿಲ್ಲ. "ಮನ್ಯಾಗಿನ ಪೆನ್ ಡ್ರೈವ್ ಎಲ್ಲಾ ಕೊಡ್ರಿ," ಎಂದ. ಕಾಕಾ ಯಾವುದೂ ಇಲ್ಲ ಎಂದ. ಮರೆತಿರಬೇಕು ಎಂದುಕೊಂಡು ನಾನೇ ಕಾಕಾನ ಅಂಗಿಯೊಳಗಿನ ಪೆನ್ ಡ್ರೈವಿನ ದಾರ ತೋರಿಸಿದೆ.

ಅದನ್ನು ಹಾಕಿದರೆ ಸಾಲುಸಾಲು ಸಿನಿಮಾ. ಕೆಲವು ಹೆಸರು ಕಂಡದ್ದೇ ರಿಪೇರಿಯವನು ನನ್ನ ಮುಖ ನೋಡಿ ಪರದೆಯನ್ನು ಆಚೆ ತಿರುಗಿಸಿದ. "ಇಲ್ಲೇ ಐತ್ರಿ ಇದರ ಗೂಡು. ನೀವು ಇದನ್ನ ಹಾಕಿದಾಗೊಮ್ಮೆ ಮತ್ತ ಹೊಕ್ಕೊಂತೈತಿ. ಈ ಕಂಪ್ಯೂಟರಿಗೆ ಹಾಕಿದ ಬ್ಯಾರೇದವರ ಪೆನ್ ಡ್ರೈವಿಗೂ ಇಲ್ಲಿಂದನ ಹತ್ತಿರತೈತಿ," ಎಂದ.

ಕಾಕಾ ಪ್ರತಿ ರವಿವಾರ ಹುಬ್ಬಳ್ಳಿಗೆ ಹೋಗಿ ಸಿನಿಮಾ ತುಂಬಿಸಿಕೊಂಡು ಬಂದು, ಅಪ್ಪ ಹೊರಗಿದ್ದ ಹೊತ್ತು ನೋಡಿ ಕಂಪ್ಯೂಟರ್ ಮುಂದೆ ಕೂಡುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು.

ಕಾಕಾ ನನ್ನನ್ನು ಹಿತ್ತಲಿಗೆ ಕರೆದ. ಮುಖ ಬೆವೆತಿತ್ತು. "ಗಿರ್ಜವ್ವಾ, ಅಣ್ಣಗ ನಾನ ಹೇಳತೀನಿ, ನೀ ಸುಮ್ಮನಿರು. ಆ ಹುಡುಗಿನ್ನೂ ನಾನ ಹೋಗಿ ಕರಕೊಂಡ ಬರತೀನಿ." ನನಗೆ ಖುಷಿಯೋ ಖುಷಿ. ನಾಳೆಯೇ ರವಿವಾರ.

ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಏನಂದಾ ಅಂವಾ?"

"ಹೊರಗಿನ ಪೆನ್ ಡ್ರೈವಿಂದು ಅಂದ್ರಿ ಅಣ್ಣಾ. ನಾ ಹೇಳಿದ್ನಲ್ಲ," ಎಂದ ಕಾಕಾ, ರೊಟ್ಟಿ ಮುರಿಯುತ್ತ.

ನಾನು ತುತ್ತನ್ನು ತಾಟಿನಲ್ಲಿಟ್ಟೆ. "ಸುಳ್ಳ. ಕಾಕಾಂದ ಪೆನ್ ಡ್ರೈವ್ ಅದು. ನನ್ನ ಮುಂದ ಹೇಳಿದಾರ ಅವ್ರು," ಎಂದೆ.

ಕಾಕಾ ನನ್ನ ಕಡೆ ನೋಡಲಿಲ್ಲ. ನಕ್ಕ. ಅದೇ ನಗೆ, ಕೂಸಿನ ತೊಟ್ಟಿಲು ಒಯ್ದಾಗ ನಕ್ಕದ್ದು. "ಗೆಳತಿ ಮ್ಯಾಲಿನ ಜೀವಾ ನೋಡ್ರಿ. ಸಣ್ಣದೈತಿ, ಬಿಡ್ರಿ ಅಣ್ಣಾ."

"ಹಿರ್ಯಾರ ಮ್ಯಾಲೆ ಸುಳ್ಳ ಹೇಳತಿ?" ಎಂದು ಅಪ್ಪ ನನ್ನನ್ನೇ ಗದರಿದ. ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಎದ್ದು ಹೋದೆ. ರಿಪೇರಿಯವನು ಎಲ್ಲ ಸ್ವಚ್ಛ ಮಾಡಿ ಹೋಗಿದ್ದ, ಆಮೇಲೆ ಡಬ್ಬಿ ಬರಲಿಲ್ಲ. ರೆಹಾನಾಳೂ ಬರಲಿಲ್ಲ. ಅವಳು ಬರುವುದನ್ನು ಬಿಡಿಸಿದ್ದಕ್ಕೇ ಸರಿಹೋಯಿತೆಂದು ಅಪ್ಪ ಓಣಿಯಲ್ಲೆಲ್ಲ ಹೇಳಿದ. ಕಾಕಾನ ಕೈಯಿಂದ ಮತ್ತೆ ನಾನು ಒಂದಕ್ಷರ ಕಲಿಯಲಿಲ್ಲ.

ಕಾಕಾನ ತಲೆ ಈಗ ನೆರೆತಿದೆ. ಮೊಬೈಲ್ ಕೆಟ್ಟರೆ ನನ್ನ ಹತ್ತಿರವೇ ತರುತ್ತಾನೆ. ಮಾಡಿಕೊಡುತ್ತೇನೆ, ಚಹಾ ಕೊಡುತ್ತೇನೆ. ಆದರೆ ಇವತ್ತಿಗೂ ಅವನ ಒಂದು ಮಾತನ್ನೂ ನಂಬುವುದಿಲ್ಲ. ಅಷ್ಟು ಜೀವವಿಟ್ಟು ಮತ್ಯಾರನ್ನೂ ನಂಬಲಾಗಲಿಲ್ಲ ನನಗೆ, ಅದು ಅಲ್ಲಿಗೇ ಮುಗಿಯಿತು.

ಹೋದ ವರ್ಷ ಗುಡಗೇರಿ ಸ್ಟೇಷನ್ನಿನಲ್ಲಿ ರೆಹಾನಾ ಸಿಕ್ಕಳು. ಕಲ್ಲಿನ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕಾಕಾನ ಸಿನಿಮಾ, ಹಿತ್ತಲಲ್ಲಿ ಕೊಟ್ಟ ಮಾತು, ಊಟದ ಹೊತ್ತಿನ ಸುಳ್ಳು. ಇಷ್ಟು ವರ್ಷದ ಸಿಟ್ಟೆಲ್ಲ ಹೊರಬಂತು. ಅವಳು ಎಲ್ಲ ಕೇಳಿ, ಒಂದೇ ಮಾತು ಕೇಳಿದಳು.

"ನಿಮ್ಮ ಮನಿಗೆ ಬರಬ್ಯಾಡ ಅಂದ್ರು, ನಾ ಬರಲಿಲ್ಲ. ನಮ್ಮ ಮನಿಗೆ ಹೋಗಬ್ಯಾಡ ಅಂತ ನಿನಗ ಯಾರ ಹೇಳಿದ್ರು, ಗಿರಿಜಾ?"

ಯಾರೂ ಹೇಳಿರಲಿಲ್ಲ.