ಅಕ್ಕನ ಹೊಲಿಗೆ ಮಿಷನ್ನಿನ ಮೇಲೆ ಹಾದ ಲಂಬರೇಖೆ

ರಸ್ತೆ ಕಚೇರಿಯ ನಕ್ಷೆಗಾರನಿಗೆ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಸಂಬಳ ಬರೆಯುವವನಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಊರಿಗೆಲ್ಲ ಅವನು ಗೆರೆಯಪ್ಪ. ಸ್ಕೇಲು ಮುಟ್ಟದೆ ಅವನೆಳೆದ ಗೆರೆ ಎಷ್ಟು ನೆಟ್ಟಗಿರುತ್ತಿತ್ತೆಂದರೆ, ಕಚೇರಿಯ ಇರುವೆಗಳು ಅದನ್ನು ಕಂಡು ನಾಚಿ ತಮ್ಮ ಸಾಲು ಸರಿಮಾಡಿಕೊಳ್ಳುತ್ತಿದ್ದವು. ದುಂಡನೆಯ ತಟ್ಟೆಯನ್ನೂ ಮೇಜಿನ ಅಂಚಿಗೆ ಸಮಾನಾಂತರವಾಗಿ ಇಡುವ ಗಿರಾಕಿ. ಅದು ಹೇಗೆ ಸಾಧ್ಯವೆಂದು ಅವನ ಹೆಂಡತಿಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ವಿದ್ಯೆ ಹತ್ತಿಸಿದ್ದು ಅಕ್ಕನ ಹೊಲಿಗೆ ಮಿಷನ್ನು. ಅಪ್ಪ ಅಮ್ಮ ಬೇಗ ಕಣ್ಣು ಮುಚ್ಚಿದ ಮೇಲೆ ಅವಳು ಹೊಲಿದೇ ತಮ್ಮನನ್ನು ಓದಿಸಿದಳು. ಊರಿನ ಮುಕ್ಕಾಲು ಪಾಲು ಮಾನ ಅವಳ ದಾರದಲ್ಲೇ ನೇತಾಡುತ್ತಿತ್ತು. ಆಮೇಲೆ ಮನೆಯ ಮುಂದೆ ತಾನೇ ನಿಂತು ಒಂದು ಹೊಲಿಗೆ ಕೋಣೆ ಕಟ್ಟಿಸಿಕೊಂಡಳು. ಬೆಳಕು ಬೀಳುವ ಕಿಟಕಿ, ಕಿಟಕಿಯ ಕೆಳಗೆ ಮಿಷನ್ನು.

ಈಗ ಕಾಲುವೆಯ ಸೇತುವೆಯಿಂದ ಮುಖ್ಯರಸ್ತೆಗೆ ಹೊಸ ರಸ್ತೆ ಬರಬೇಕಿತ್ತು. ಕಾಲುವೆ ಕಿರಿದಾಗಿರುವ ಕಡೆ ನೋಡಿ ಸೇತುವೆಗೆ ಜಾಗ ಗುರುತಿಸಿದವನು ಗೆರೆಯಪ್ಪನೇ. ಸೇತುವೆ ಎದ್ದು ನಿಂತಾಗ ಅವನ ಬೆನ್ನೂ ತಟ್ಟಿದ್ದರು. ಹೊಸ ರಸ್ತೆ ಮುಖ್ಯರಸ್ತೆಯನ್ನು ಲಂಬವಾಗಿಯೇ ಸೇರಬೇಕು, ಓರೆಯಾಗಿ ಸೇರುವಂತಿಲ್ಲ ಎಂಬುದು ಕಚೇರಿಯ ನಿಯಮ. ಅದು ಸುಮ್ಮನೆ ಹುಟ್ಟಿದ್ದಲ್ಲ. ಹಳೆಯ ಓರೆ ತಿರುವಿನಲ್ಲಿ ಬರುವ ಲಾರಿ ಕಾಣುತ್ತಿರಲಿಲ್ಲ. ಅಲ್ಲಿ ಕಾಲು ಕಳೆದುಕೊಂಡವರಲ್ಲಿ ಅಕ್ಕನ ಗಂಡನೂ ಒಬ್ಬ.

ಗೆರೆಯಪ್ಪ ನಕ್ಷೆ ಹರಡಿಕೊಂಡು ಕೂತ. ಮುಖ್ಯರಸ್ತೆಯ ಸಮೀಕರಣ y = 2x + 1. ಸೇತುವೆ ಅಡ್ಡಕ್ಕೆ ಆರು, ಮೇಲಕ್ಕೆ ಮೂರು. ರಸ್ತೆಯ ಇಳಿಜಾರು ಎರಡು; ಅದನ್ನು ತಲೆಕೆಳಗು ಮಾಡಿದರೆ ಅರ್ಧ, ಮುಂದೆ ಒಂದು ಮೈನಸ್ಸು ಹಚ್ಚಿದರೆ ಲಂಬದ ಇಳಿಜಾರು. ಸೇತುವೆಯ ಬಿಂದುವನ್ನು ಅದರೊಳಗೆ ಕೂರಿಸಿದ: y − 3 = −½ (x − 6). ಬಿಡಿಸಿದರೆ x + 2y = 12. ಕಣ್ಣು ಮುಚ್ಚಿಕೊಂಡು ಮಾಡುವ ಲೆಕ್ಕ. ಗೆರೆ ಎಳೆದ ಮೇಲೆ ಕಣ್ಣು ತೆರೆಯಿತು. ಅಡ್ಡಕ್ಕೆ ನಾಲ್ಕು, ಮೇಲಕ್ಕೆ ನಾಲ್ಕು ಇರುವ ಕಡೆ ಪುಟ್ಟದೊಂದು ಚೌಕವಿತ್ತು. ನಾಲ್ಕಕ್ಕೆ ಎಂಟು ಸೇರಿಸಿದರೆ ಹನ್ನೆರಡೇ. ಆ ಚೌಕ ಅಕ್ಕನ ಹೊಲಿಗೆ ಕೋಣೆ.

ಮತ್ತೆ ಲೆಕ್ಕ ಮಾಡಿದ. ಹಿಂದಿನಿಂದ ಮಾಡಿದ, ಕಾಗದ ತಿರುಗಿಸಿ ಮಾಡಿದ, ಮೂಲೆಮಟ್ಟ ಸವೆದಿರಬಹುದೆಂದು ಪಕ್ಕದ ಮೇಜಿನದನ್ನು ತಂದ. ಅವನು ಅಳಿಸಿ ಉದುರಿಸಿದ ರಬ್ಬರ್ ಪುಡಿಯಲ್ಲಿ ಒಂದು ಲಾರಿಗೆ ಚಕ್ರ ಮಾಡಬಹುದಿತ್ತು. ಒಂದು ಬಿಂದುವಿನಿಂದ ಒಂದು ರೇಖೆಗೆ ಒಂದೇ ಲಂಬ. ಎರಡನೆಯದನ್ನು ಹುಟ್ಟಿಸಲು ಯಾವ ಸಾಹೇಬನ ಶಿಫಾರಸೂ ಸಾಲದು.

ಕೊನೆಗೆ ಮೈನಸ್ಸನ್ನು ಮೆಲ್ಲಗೆ ಅಳಿಸಿದ. ಗೆರೆ ವಿಧೇಯವಾಗಿ ಪಕ್ಕಕ್ಕೆ ವಾಲಿ, ಅಕ್ಕನ ಮನೆ ಬಿಟ್ಟು, ಖಾಲಿ ಬಯಲಿನಲ್ಲಿ ಹಾದು ಮುಖ್ಯರಸ್ತೆಗೆ ಓರೆಯಾಗಿ ಹೋಗಿ ಬಿತ್ತು. ಅದನ್ನೇ ಇಂಜಿನಿಯರಮ್ಮನ ಮುಂದಿಟ್ಟ.

ಅವಳು ಅವನಿಗಿಂತ ಎಷ್ಟೋ ಚಿಕ್ಕವಳು. ಬಹಳ ಹೊತ್ತು ನಕ್ಷೆ ನೋಡಿದಳು.

"ಮೈನಸ್ ಎಲ್ಲಿ ಹೋಯ್ತು?"

"ಬಿಟ್ಟುಹೋಗಿದೆ ಮೇಡಂ."

"ನೀವು ಬಿಡೋ ಪೈಕಿ ಅಲ್ಲ." ಅವಳಿಗೂ ಆ ಮನೆ ಗೊತ್ತಿತ್ತು, ಉಟ್ಟ ಸೀರೆಯ ರವಿಕೆ ಅಲ್ಲೇ ಹೊಲಿಸಿದ್ದು. "ಲಂಬವಾಗಿ ಇನ್ನೊಂದು ದಾರಿ ಇದ್ರೆ ಎಳೆದು ಕೊಡಿ, ಈಗಲೇ ಸಹಿ ಹಾಕ್ತೀನಿ."

ಗೆರೆಯಪ್ಪ ನಕ್ಷೆ ಸುತ್ತಿಕೊಂಡು ಅಕ್ಕನ ಮನೆಗೆ ನಡೆದ.

ಹೇಗೆ ಹೇಳಿದನೋ, ಅರ್ಧ ಹೇಳಿದ, ಅರ್ಧ ನುಂಗಿದ. ಅಕ್ಕ ಮಿಷನ್ನು ನಿಲ್ಲಿಸಲಿಲ್ಲ. ಒಂದು ಮಡಿಕೆ ಮುಗಿಸಿ, ದಾರ ಹಲ್ಲಲ್ಲಿ ಕಡಿದು, ಪರಿಹಾರ ಕೊಡುತ್ತಾರಾ ಎಂದಳು. ಕೊಡುತ್ತಾರೆ ಎಂದ. ಹಾಗಾದರೆ ಈ ಕಿಟಕಿಯನ್ನೂ ಕೊಡುತ್ತಾರಾ ಎಂದಳು.

"ಒಂಚೂರು ಓರೆ ಮಾಡೋಕೆ ಆಗಲ್ವೇನೋ? ಊರಿನ ಗೆರೆಯೆಲ್ಲ ನಿನ್ನ ಕೈಯಲ್ಲೇ ಇದೆಯಲ್ಲ."

ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿ ಕುರ್ಚಿಯಲ್ಲಿದ್ದ ಭಾವ ಊರುಗೋಲಿನಿಂದ ನೆಲ ಕುಟ್ಟಿದ. "ಓರೆ ಮಾಡ್ಬೇಡ ಕಣಯ್ಯಾ. ಒಂದು ಮನೆಯಿಂದ ಒಂದು ಕಾಲು ಹೋಗಿದ್ದು ಸಾಕು."

ಅಕ್ಕ ಎದ್ದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚೂರನ್ನು ತಮ್ಮನ ಅಂಗೈಯಲ್ಲಿಟ್ಟಳು.

"ಎಲ್ಲಿಂದ ಎಲ್ಲಿಗೆ ಹೋಗತ್ತೆ, ಎಳೆದು ತೋರಿಸು. ಯಾವುದನ್ನ ಎತ್ತಿಡಬೇಕು ಗೊತ್ತಾಗ್ಲಿ."

ಗೆರೆಯಪ್ಪ ಮಂಡಿಯೂರಿ ಕೂತ. ಹೊಸ್ತಿಲಿನ ಬಳಿ ಶುರುಮಾಡಿದ. ಮಿಷನ್ನಿನ ಕಾಲಿನ ಹತ್ತಿರ ಬರುವಷ್ಟರಲ್ಲಿ ಕೈ ತನ್ನದೇ ದಾರಿ ಹಿಡಿಯಿತು. ಗೆರೆ ಮಿಷನ್ನನ್ನು ಬಳಸಿಕೊಂಡು ಹಾವಿನಂತೆ ಹೊರಳಿ ಗೋಡೆ ಸೇರಿತು. ಇರುವೆಗಳು ಕಂಡಿದ್ದರೆ ಅಂದೇ ಸಾಲು ಕಟ್ಟುವುದನ್ನು ಬಿಡುತ್ತಿದ್ದವು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಏನೋ ಇದು, ಇಷ್ಟು ಸೊಟ್ಟ?"

ಸೆರಗಿನಿಂದ ಅದನ್ನು ಒರೆಸಿದಳು. ಮಿಷನ್ನನ್ನು ತಾನೇ ಎಳೆದು ಗೋಡೆಗೆ ಒತ್ತಿದಳು. ಬಟ್ಟೆ ಅಳೆಯುವ ಉದ್ದನೆಯ ಮರದ ಪಟ್ಟಿಯನ್ನು ನೆಲಕ್ಕಿಟ್ಟು, "ಆ ತುದಿ ಅಲ್ಲಾಡದ ಹಾಗೆ ಹಿಡ್ಕೋ" ಎಂದಳು.

ಅವನು ಹಿಡಿದುಕೊಂಡ. ಅವಳು ಎಳೆದಳು.