ಮೇ ಹೂವಿಗೆ ಬಿದ್ದ ನೀರು

ಬೆರಳು ಚುಚ್ಚಿದರೆ ಎರಡನೆಯ ಗೆಣ್ಣಿನವರೆಗೂ ಮಣ್ಣು ಒದ್ದೆ. ಆಗ ಜನವರಿ, ಮೂಡಲಗಿಯಲ್ಲಿ ಮಳೆ ನಿಂತು ತಿಂಗಳುಗಳಾಗಿದ್ದವು.

ಆ ಮಧ್ಯಾಹ್ನವಷ್ಟೇ ಧಾರವಾಡದಿಂದ ಹೊರಟು ಗೋಕಾಕದ ಮೇಲೆ ಹಾಯ್ದು ನನ್ನ ಚಿಕ್ಕಮ್ಮ ಕಾಕೂನ ಮನೆ ಸೇರಿದ್ದೆ. ಅವಳ ಅಂಗಳದ ಮೇ ಹೂವು ಕೆಲವು ಬೇಸಿಗೆಗಳಿಂದ ಅರಳಿರಲಿಲ್ಲ. ಸಸ್ಯಶಾಸ್ತ್ರ ಓದಿದವಳೆಂದು ನನ್ನನ್ನು ಕರೆಸಿದ್ದಳು. ಕೌಜಲಗಿಯ ಅವಳ ತಾಯಿ ತೀರಿಕೊಳ್ಳುವ ಮುಂಚೆ ಕೊಟ್ಟ ಗಡ್ಡೆ ಅದು. ಕೆಂಪು ಚೆಂಡಿನಂಥ ಹೂವಿನ ಈ ಗಿಡ ಆಫ್ರಿಕಾದ ಸ್ಕ್ಯಾಡಾಕ್ಸಸ್ ಎಂಬ ಸಣ್ಣ ಕುಲದ್ದು. ಚಳಿಗಾಲದಲ್ಲಿ ಎಲೆ ಒಣಗಿಸಿಕೊಂಡು ಒಣ ಮಣ್ಣಿನಲ್ಲಿ ಮಲಗಬೇಕು.

"ಕಾಕೂ, ನೀರು ಹಾಕತೀ ಏನು?"

"ಒಂದ್ ಹನಿ ಹಾಕಂಗಿಲ್ಲ. ಎಲಿ ಒಣಗಿದ ಮ್ಯಾಲ ಯಾರ್ ಹಾಕತಾರ?"

ಮರುದಿನ ಯಮಕನಮರಡಿಗೆ ಹೊರಟೆ. ಅದೇ ಬುಡದ ಇನ್ನೊಂದು ಗಡ್ಡೆ ಅಲ್ಲಿ ಕಾಕೂನ ಬಾಲ್ಯದ ಗೆಳತಿ ಮುಮ್ತಾಜ್ ಮೌಶಿಯ ಮನೆಯಲ್ಲಿ ವರ್ಷವೂ ಅರಳುತ್ತಿತ್ತು. ಗೋಕಾಕ, ಹುಕ್ಕೇರಿ ಎರಡೂ ಕಡೆ ಬಸ್ಸು ಬದಲಿಸಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಕರದಂಟಿಗಷ್ಟೇ ಖರ್ಚಾಯಿತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು.

ಮೌಶಿ ಸೂರಿನ ಕೆಳಗೆ ಗಡ್ಡೆ ನೆಟ್ಟಿದ್ದ ಡಬ್ಬಿ ತೋರಿಸಿದರು. ಮಣ್ಣು ಬೂದಿಯಂತೆ ಒಣಗಿತ್ತು.

"ದೀಪಾವಳಿ ಆದಮ್ಯಾಲ ನಾ ಇದರ ತಂಟೆಕ್ಕ ಹೋಗೂದಿಲ್ಲವ್ವ."

ಕಾಕೂ ಕೂಡ ನೀರು ಹಾಕುವುದಿಲ್ಲವಂತೆ ಎಂದೆ.

ಮೌಶಿ ನಕ್ಕರು. "ಖರೇನ ಹೇಳ್ಯಾಳ ತಗೋ! ಪೂಜಿ ನೀರು ಎಲ್ಲಿ ಚೆಲ್ಲತಾಳ ಕೇಳೀ ಏನು? ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಕಿಸ್ಯಾಳ ರಾಣಿ. ಮಣ್ಣು ಉಳದದ್ದು ಆ ಗಿಡದ ಮೂಲಿ ಒಂದ."

ಲಿಂಗಪೂಜೆಯ ನೀರನ್ನು ತುಳಿಯಬಾರದು. ಗಿಡದ ಬುಡಕ್ಕೇ ಹಾಕಬೇಕು. ಕಾಕೂನ ಮಟ್ಟಿಗೆ ಅದು ಗಿಡಕ್ಕೆ ನೀರುಣಿಸುವುದೇ ಅಲ್ಲ.

ಸಂಜೆ ಮೂಡಲಗಿಗೆ ಮರಳಿ ಕಾಕೂಗೆ ಎಲ್ಲ ಹೇಳಿದೆ. ಇಬ್ಬರೂ ಅಗೆದೆವು. ದೊಡ್ಡ ಗಡ್ಡೆ ಅವಳ ಕೈಯಲ್ಲೇ ಕುಸಿಯಿತು.

"ಅವ್ವನ ಹೂವು ನಾನ ಕೊಳಸಿದ್ನಲ್ಲ," ಎಂದಳು.

ಬದಿಯಲ್ಲಿ ಬೆಳ್ಳುಳ್ಳಿ ಎಸಳಿನಷ್ಟು ಒಂದು ಮರಿಗಡ್ಡೆ ಗಟ್ಟಿಯಾಗಿ ಉಳಿದಿತ್ತು. ಒಣ ಉಸುಕಿನಲ್ಲಿಟ್ಟು, ಅದು ಅರಳಲು ವರ್ಷಗಳೇ ಬೇಕಾಗಬಹುದು ಎಂದೆ.

"ಕಾಯತೀನಿ ತಗೋ. ಆದ್ರ ನಾಳಿ ನೀರು ಎಲ್ಲಿ ಹಾಕ್ಲಿ?"



ಮರುದಿನ ಬೆಳಿಗ್ಗೆ ಕಾಕೂ ಪೂಜೆಗೆ ಕುಳಿತಾಗ ಪಕ್ಕದ ಮನೆಯಲ್ಲಿ ಕಣಗಿಲೆಯ ಟೊಂಗೆಯೊಂದನ್ನು ಕೇಳಿ ತಂದೆ. ಗಡ್ಡೆ ಅಗೆದ ಗುಂಡಿಯಲ್ಲಿ ನೆಟ್ಟು, ಮಣ್ಣು ಒತ್ತಿ, ಅವಳು ತಂಬಿಗೆ ಹಿಡಿದು ಹೊರಗೆ ಬರುವವರೆಗೆ ಅಲ್ಲೇ ಕುಳಿತೆ.